ಸುಡುಬಿಸಿಲಿಗೂ ಸಾಯದ ಶಂಖದ ಹುಳು: ಅದರ ಮೈಯೊಳಗೆ ಆಗುವುದೇನು?

ತುಂಗೆ ದಂಡೆಯವ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಆಫ್ರಿಕದ ದೊಡ್ಡ ಶಂಖದ ಹುಳು ತೋಟಕ್ಕೆ ಬಂದಿರುವವರು, ವಿಜ್ಞಾನ ಓದಿದವರು ಇಬ್ಬರೂ ಈ ಗುಂಪಿನಲ್ಲಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈಗ ಏಪ್ರಿಲ್. ಮಧ್ಯಾಹ್ನ 37 ಡಿಗ್ರಿ ಮುಟ್ಟುತ್ತಿದೆ. ತೋಟದ ಅಂಚಿನ ಪಾಗಾರದ ಹತ್ತಿರ ಒಣಸೋಗೆ ರಾಶಿ ಎತ್ತಿಸಿದೆವು. ಕಲ್ಲಿನ ಸಂದಿಯಲ್ಲಿ ಹುಳುಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಂದೊಂದರ ಬಾಯಿಗೂ ಬಿಳಿ ಪೊರೆ. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಪೊರೆಯಲ್ಲಿ ಒಂದು ಕಡೆ ಸೂಜಿಮೊನೆಯಷ್ಟು ಸಣ್ಣ ಜಾಗ ಮಾತ್ರ ತೆಳ್ಳಗಿತ್ತು. ಎತ್ತಿದರೆ ಹಗುರ. ಕೊಳೆತ ವಾಸನೆ ಇಲ್ಲ. ಕೆಲಸದವರು "ಇದೆಲ್ಲ ಬಿಸಿಲಿಗೆ ಸತ್ತಿದೆ, ಬಿಡಿ" ಅಂದರು.

ನನಗೆ ಅನುಮಾನ. ಒಂದನ್ನು ಮಗ್ಗಿನ ನೀರಲ್ಲಿ ಹಾಕಿಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಪೊರೆ ಮೆತ್ತಗಾಗಿ ಒಂದು ಅಂಚು ಬಿಟ್ಟಿತ್ತು. ಒಳಗಿಂದ ನೊರೆ ಬಂತು, ಆಮೇಲೆ ಪಾದ, ಕೊನೆಗೆ ಕೋಡು. ಮಗ್ಗಿನ ಅಂಚು ಹತ್ತಿ ಹೊರಟೇ ಬಿಟ್ಟಿತು!

ಡಿಸೆಂಬರಿನಿಂದ ಆ ಕಡೆ ಒಂದು ಹನಿ ನೀರು ಬಿದ್ದಿಲ್ಲ. ಊಟ ಇಲ್ಲ, ನೀರಿಲ್ಲ, ಮೇಲಿಂದ ಈ ಬಿಸಿಲು. ಅದರ ಮೈಯೊಳಗೆ ಅಷ್ಟು ದಿನ ಏನು ನಡೆಯುತ್ತಿರುತ್ತದೆ? ಚಳಿಯಲ್ಲೂ ಹೀಗೇನಾ? ಈ ಸಲ ಬಿಸಿಲು ಜಾಸ್ತಿ ಇರುವುದರಿಂದ ಹುಳ ಕಡಿಮೆಯಾಗುತ್ತದೆ ಅಂತ ನಂಬಬಹುದಾ?

ಹುಂಚದಕಟ್ಟೆ ಹೈದ

ಮೂರನೇ ಪ್ರಶ್ನೆಗೆ ನಾನೇ ಉತ್ತರ ಹೇಳುತ್ತೇನೆ ಅಣ್ಣ. ನಂಬಬೇಡಿ. ನಮ್ಮ ಕಡೆ ಪ್ರತಿ ಬೇಸಿಗೆಯಲ್ಲೂ ಇದೇ ಮಾತು. ಮಳೆ ಹಿಡಿದ ಮೇಲೆ ನೋಡಿದರೆ ಬಾಳೆ ಬುಡದಲ್ಲಿ, ಮೆಣಸಿನ ಬಳ್ಳಿಯಲ್ಲಿ, ಪಪ್ಪಾಯಿಯಲ್ಲಿ ಎಲ್ಲಾ ಕಡೆ ಅದೇ.

ಲ್ಯಾಬ್ ಕೋಟು (ಸೊರಬ, ಈಗ ಮೈಸೂರು)

ನಾನು ಓದಿದ್ದು ಜೀವರಸಾಯನ. ಬಸವನ ಹುಳು ನನ್ನ ಸಂಶೋಧನೆಯ ವಿಷಯವಲ್ಲ. ಆದರೆ ಹೀಗೆ ತಿಂಗಳುಗಟ್ಟಲೆ ಮಲಗುವ ಪ್ರಾಣಿಗಳ ಬಗ್ಗೆ ಓದುವ ಹುಚ್ಚು ಮೊದಲಿಂದಲೂ ಇದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಮೈ ಹೊರಗೆ ಎಷ್ಟೇ ಬಿಸಿಲಿರಲಿ, ಚಳಿಯಿರಲಿ, 37 ಡಿಗ್ರಿಯ ಆಸುಪಾಸಲ್ಲೇ ಇರುತ್ತದೆ. ಹುಳಕ್ಕೆ ಆ ವ್ಯವಸ್ಥೆ ಇಲ್ಲ. ಕೂತ ಕಲ್ಲು ಕಾದರೆ ಅದೂ ಕಾಯುತ್ತದೆ. ಮೈಯೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸಾಮಾನ್ಯವಾಗಿ ಪ್ರತಿ 10 ಡಿಗ್ರಿಗೆ ಎರಡರಿಂದ ಮೂರು ಪಟ್ಟು ಏರುತ್ತದೆ. ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ 40ಕ್ಕೆ ಹೋದರೆ ಲೆಕ್ಕದಲ್ಲಿ ನಾಲ್ಕರಿಂದ ಒಂಬತ್ತು ಪಟ್ಟು. ಅಷ್ಟೂ ಪಾಲು ಆಮ್ಲಜನಕ ಜಾಸ್ತಿ ಬೇಕು, ಕೂಡಿಟ್ಟ ಶಕ್ತಿಯೂ ಅಷ್ಟೇ ಬೇಗ ಖಾಲಿ. ಉಸಿರಾಡಲು ಮೈ ಬದಿಯ ರಂಧ್ರ ತೆರೆಯಬೇಕು. ತೆರೆದಾಗಲೆಲ್ಲ ನೀರಿನಂಶ ಹೊರಗೆ ಹೋಗುತ್ತದೆ. ನಡೆಯಬೇಕಂದರೂ ಲೋಳೆ ಸುರಿಸಬೇಕು, ಆ ಲೋಳೆಯಲ್ಲಿ ಇರುವುದು ಬಹುಪಾಲು ನೀರೇ. ಹಾಗಾಗಿ ಬೇಸಿಗೆಯಲ್ಲಿ ಎಚ್ಚರ ಇರುವುದೇ ಅದಕ್ಕೆ ಕೈ ಸುಡುವ ಬಾಬ್ತು.

ಆದ್ದರಿಂದ ಅದು ಬಾಗಿಲು ಹಾಕಿಕೊಳ್ಳುತ್ತದೆ. ನೀವು ಉಗುರಲ್ಲಿ ಕೆರೆದ ಪೊರೆ ಲೋಳೆ ಮತ್ತು ಸುಣ್ಣದ ಅಂಶ ಸೇರಿ ಒಣಗಿದ್ದು. ಆದರೆ ನಿಜವಾದ ಕೆಲಸ ಪೊರೆಯ ಹಿಂದೆ. ಆಗ ಹುಳ ವಿಶ್ರಾಂತಿಯಲ್ಲಿ ಬಳಸುವ ಶಕ್ತಿಯ ಶೇಕಡ 10ರಿಂದ 30ರಷ್ಟರಲ್ಲೇ ದಿನ ದೂಡುತ್ತದೆ. ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರಲ್ಲ, ಅದೇ ಕೆಲಸ. ಬೆಂಕಿ ಆರಿರುವುದಿಲ್ಲ, ಸೌದೆಯೂ ಮುಗಿಯುವುದಿಲ್ಲ.

ಬೂದಿ ಮುಚ್ಚುವುದು ಹೇಗೆ? ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಕೆನೆತ್ ಸ್ಟೋರಿ ಅವರ ತಂಡ ಓಟಾಲಾ ಲ್ಯಾಕ್ಟಿಯಾ ಎಂಬ ಬಸವನ ಹುಳುವಿನ ಮೇಲೆ ಇದನ್ನು ಬಹಳ ವರ್ಷ ಅಧ್ಯಯನ ಮಾಡಿದೆ. ಸಕ್ಕರೆ ಒಡೆಯುವ ದಾರಿಯಲ್ಲಿ ಪೈರುವೇಟ್ ಕೈನೇಸ್ ಅನ್ನುವ ಕಿಣ್ವ ಇದೆ. ಹುಳ ಅದನ್ನು ನಾಶ ಮಾಡುವುದಿಲ್ಲ. ಅದಕ್ಕೊಂದು ಫಾಸ್ಫೇಟ್ ತುಣುಕು ಅಂಟಿಸುತ್ತದೆ, ಕಿಣ್ವ ಮಂದವಾಗುತ್ತದೆ. ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪ್ ಇದೆ. ಎಲ್ಲ ಪ್ರಾಣಿಗಳಲ್ಲೂ ಅದು ಸಿಕ್ಕಾಪಟ್ಟೆ ಶಕ್ತಿ ತಿನ್ನುತ್ತದೆ. ಅದನ್ನೂ ಇದೇ ಉಪಾಯದಿಂದ ತಗ್ಗಿಸುತ್ತದೆ. ಮಳೆ ಬಂದಾಗ ಆ ಫಾಸ್ಫೇಟ್ ತೆಗೆದರೆ ಮುಗಿಯಿತು. ಹೊಸ ಕಿಣ್ವ ಕಟ್ಟಬೇಕಾಗಿಲ್ಲ, ಹಳೆಯದೇ ಕೆಲಸಕ್ಕೆ ಬರುತ್ತದೆ. ನಿಮ್ಮ ಕಾಫಿ ಮುಗಿಯುವಷ್ಟರಲ್ಲಿ ಅದು ಮಗ್ಗು ಹತ್ತಿದ್ದಕ್ಕೆ ಇದೂ ಒಂದು ಕಾರಣ.

ಸಾಗರದ ಸರಸು

ಲ್ಯಾಬ್ ಕೋಟು ಅವರೇ, ತುಂಬಾ ಚೆನ್ನಾಗಿ ಹೇಳಿದಿರಿ. ನನ್ನದೊಂದು ಪೆದ್ದು ಪ್ರಶ್ನೆ. ಅಷ್ಟು ತಿಂಗಳು ಮುಚ್ಚಿಕೊಂಡು ಕೂತರೆ ಮೂತ್ರ ಏನು ಮಾಡುತ್ತದೆ? ಕೆಟ್ಟ ಗಾಳಿ ಎಲ್ಲಿ ಹೋಗುತ್ತದೆ? ಒಳಗೇ ಇದ್ದರೆ ವಿಷ ಅಲ್ವಾ?

ಲ್ಯಾಬ್ ಕೋಟು (ಸೊರಬ, ಈಗ ಮೈಸೂರು)

ಸರಸಕ್ಕ, ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ಅದೇ ಮುಖ್ಯ ಪ್ರಶ್ನೆ.

ಮಲಗಿದ ಹುಳ ಮೊದಲು ಉರಿಸುವುದು ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ. ಅದು ಕಡಿಮೆಯಾದ ಹಾಗೆ ಪ್ರೋಟೀನ್ ಕರಗಿಸಲು ಶುರುಮಾಡುತ್ತದೆ. ಪ್ರೋಟೀನ್ ಒಡೆದರೆ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ ನಿಜಕ್ಕೂ ವಿಷ. ನೀರಿದ್ದರೆ ತೊಳೆದು ಹೊರಹಾಕಬಹುದಿತ್ತು, ನೀರಿಲ್ಲ. ಅದಕ್ಕೆ ನೆಲದ ಬಸವನ ಹುಳುಗಳು ಅದನ್ನು ಯೂರಿಕ್ ಆಮ್ಲದಂಥ ವಸ್ತುವಾಗಿ ಬದಲಾಯಿಸಿ ಮೂತ್ರಪಿಂಡದಲ್ಲಿ ಇಟ್ಟುಕೊಳ್ಳುತ್ತವೆ. ಯೂರಿಕ್ ಆಮ್ಲ ನೀರಿನಲ್ಲಿ ಕರಗುವುದೇ ಕಮ್ಮಿ. ಹರಳಾಗಿ ಸುಮ್ನೆ ಕೂರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಇನ್ನು ಕೆಲವು ಜಾತಿಗಳು ಯೂರಿಯಾ ಮಾಡಿ ರಕ್ತದಲ್ಲೇ ಇಟ್ಟುಕೊಳ್ಳುತ್ತವೆ.

ಕೆಟ್ಟ ಗಾಳಿಯದು ಇನ್ನೂ ಸ್ವಾರಸ್ಯ. ಉಸಿರಿನ ರಂಧ್ರವನ್ನು ಅದು ಯಾವಾಗಲೋ ಒಮ್ಮೆ ಮಾತ್ರ ತೆರೆಯುತ್ತದೆ. ನಡುವಿನ ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡ್ ಮೈಯಲ್ಲೇ ತುಂಬುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಆಮ್ಲ ತಗ್ಗಿಸಲು ಏನು ಬೇಕು? ಸುಣ್ಣ. ಅದರ ಮನೆಯೇ ಕ್ಯಾಲ್ಸಿಯಂ ಕಾರ್ಬೊನೇಟಿನದ್ದು! ಆ ಮೂಲದ ಸುಣ್ಣ ಅಷ್ಟಷ್ಟೇ ಕರಗಿ ಆಮ್ಲವನ್ನು ತಗ್ಗಿಸುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಚಿಪ್ಪು ಅಂದರೆ ಬರೀ ರಕ್ಷಣೆಗೆ ಅಂದುಕೊಂಡಿರುತ್ತೇವೆ, ಬೇಸಿಗೆಯಲ್ಲಿ ಅದು ಔಷಧಿ ಡಬ್ಬಿಯೂ ಹೌದು.

ನಿವೃತ್ತ ಮೇಷ್ಟ್ರು (ಭದ್ರಾವತಿ)

ಚರ್ಚೆ ಚೆನ್ನಾಗಿದೆ ಮಕ್ಕಳೇ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಇದಕ್ಕೆ ಸಂಬಂಧಿಸಿದ ಎರಡು ಹಳೇ ಸಂಗತಿ ಹೇಳುತ್ತೇನೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 1846ರ ಮಾರ್ಚಿನಲ್ಲಿ ಈಜಿಪ್ಟಿನ ಮರುಭೂಮಿಯ ಒಂದು ಬಸವನ ಹುಳುವನ್ನು ಸತ್ತಿದೆ ಅಂದುಕೊಂಡು ರಟ್ಟಿಗೆ ಅಂಟಿಸಿ ಇಟ್ಟರು. 1850ರ ಮಾರ್ಚಿನಲ್ಲಿ ಯಾರೋ ಗಮನಿಸಿದರು, ಬಾಯಲ್ಲಿ ಹೊಸ ಪೊರೆ ಇದೆ. ಬೆಚ್ಚಗಿನ ನೀರಿಗೆ ಹಾಕಿದರು. ಎದ್ದು ನಡೆಯಿತು. ನಾಲ್ಕು ವರ್ಷ! ನಿಮ್ಮ ಪಾಗಾರದ ಹುಳುವಿನ ನಾಲ್ಕೈದು ತಿಂಗಳು ಅದರ ಮುಂದೆ ಏನೂ ಅಲ್ಲ.

ಎರಡನೆಯದು, ಈ ಆಫ್ರಿಕದ ಅತಿಥಿ ನಮ್ಮ ದೇಶಕ್ಕೆ ಬಂದ ಕಥೆ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬಾತ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ. ಆತ ಚಿಪ್ಪುಜೀವಿಗಳ ಅಧ್ಯಯನ ಮಾಡುತ್ತಿದ್ದವನು. ಅಲ್ಲಿನ ಚೌರಂಗಿಯ ತೋಟವೊಂದರಲ್ಲಿ ಅವು ಹೊರಬಿದ್ದವು. ಅದರ ಸಂತತಿಯನ್ನು ಈಗ ನಾವು ಬಕೆಟ್ಟಿನಲ್ಲಿ ಹೆಕ್ಕುತ್ತಿದ್ದೇವೆ. ಪಂಡಿತರು ಹವ್ಯಾಸಕ್ಕೆ ತಂದದ್ದು ರೈತರ ತಲೆಮೇಲೆ ಕೂತಿತು.

ಅಂದಹಾಗೆ, ಅದರ ರಕ್ತ ಕೆಂಪಲ್ಲ. ನಮಗೆ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ, ಅದಕ್ಕೆ ಹಿಮೋಸಯಾನಿನ್ನಿನಲ್ಲಿ ತಾಮ್ರ. ಆಮ್ಲಜನಕ ಸೇರಿದಾಗ ತಿಳಿನೀಲಿ ಕಾಣುತ್ತದೆ. ಆದರೆ ನಮ್ಮ ಕೆರೆಗಳಲ್ಲಿ ಚಪ್ಪಟೆ ಸುರುಳಿಯ ಸಣ್ಣ ಬಸವನ ಹುಳು ಇರುತ್ತದೆ, ಇಂಡೋಪ್ಲನಾರ್ಬಿಸ್ ಅಂತ. ಅದಕ್ಕೆ ಮಾತ್ರ ಹಿಮೋಗ್ಲೋಬಿನ್, ರಕ್ತ ಕೆಂಪು. ಕೊಳಚೆ ನೀರಲ್ಲಿ ಆಮ್ಲಜನಕ ಕಡಿಮೆ, ಅಲ್ಲಿ ಕೆಂಪು ರಕ್ತ ಅದಕ್ಕೆ ಉಪಯೋಗಕ್ಕೆ ಬರುತ್ತದೆ.

ಹುಂಚದಕಟ್ಟೆ ಹೈದ

ಮೇಷ್ಟ್ರೇ, ತಾಮ್ರ ಅಂದಿರಲ್ಲ, ಹಾಗಾದರೆ ನಾವು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಲವಣ) ಅದಕ್ಕೆ ಟಾನಿಕ್ ಆಯ್ತಾ? ನಮ್ಮನೆ ಪಕ್ಕದವರು ಬೋರ್ಡೋ ಹೊಡೆದ ಮರಕ್ಕೆ ಹುಳ ಹತ್ತುವುದಿಲ್ಲ ಅನ್ನುತ್ತಾರೆ. ಯಾವುದು ಸರಿ?

ಲ್ಯಾಬ್ ಕೋಟು (ಸೊರಬ, ಈಗ ಮೈಸೂರು)

ಪಕ್ಕದವರದ್ದು ಸರಿ. ಬೇಕಾದ ತಾಮ್ರ ಬಹಳ ಸ್ವಲ್ಪ, ಅದೂ ಪ್ರೋಟೀನಿನೊಳಗೆ ಕಟ್ಟಿಹಾಕಿದ ರೂಪದಲ್ಲಿ. ಹಸಿ ಪಾದಕ್ಕೆ ತಾಗುವ ಬಿಡಿ ತಾಮ್ರ ವಿಷವೇ. ಬೋರ್ಡೋ ದ್ರಾವಣ ಬುಡಕ್ಕೆ ಬಳಿದರೆ ಹುಳ ಹತ್ತಲು ಹಿಂಜರಿಯುತ್ತದೆ. ಒಳಗೆ ಸೇರಿದ ಹೆಚ್ಚುವರಿ ತಾಮ್ರವನ್ನು ಹಿಡಿದಿಡಲು ಅದಕ್ಕೆ ಮೆಟಲೋಥಯೋನೀನ್ ಎಂಬ ಸಣ್ಣ ಪ್ರೋಟೀನುಗಳಿವೆ. ಯುರೋಪಿನ ಹೆಲಿಕ್ಸ್ ಪೊಮೇಷಿಯಾ ಜಾತಿಯಲ್ಲಿ ತಾಮ್ರಕ್ಕೇ ಒಂದು, ಕ್ಯಾಡ್ಮಿಯಮ್ಮಿಗೇ ಇನ್ನೊಂದು ಇದೆ ಅಂತ 1997ರಲ್ಲೇ ಗೊತ್ತಾಗಿದೆ. ಆದರೆ ಅದಕ್ಕೂ ಮಿತಿ ಇರುತ್ತದೆ ಅಲ್ವಾ.

ಶಿಕಾರಿಪುರದ ಗದ್ದೆ

ನಮ್ಮ ಕಡೆ ತೋಟಕ್ಕಿಂತ ಗದ್ದೆ ಜಾಸ್ತಿ. ಗದ್ದೆಯಲ್ಲಿ ಇರುವ ಕರಿ-ಹಸಿರು ಬಸವನ ಹುಳು ಬೇರೆ, ಅದಕ್ಕೆ ಬಾಯಿಗೆ ಗಟ್ಟಿ ಮುಚ್ಚಳ ಇರುತ್ತದೆ. ಬೇಸಿಗೆಯಲ್ಲಿ ಗದ್ದೆ ಬಿರುಕು ಬಿಟ್ಟಾಗ ಉಳುಮೆ ಮಾಡಿದರೆ ಹೆಂಟೆ ಜೊತೆ ಎದ್ದು ಬರುತ್ತವೆ. ಅದರ ಲೆಕ್ಕವೂ ಇದೇನಾ?

ನಿವೃತ್ತ ಮೇಷ್ಟ್ರು (ಭದ್ರಾವತಿ)

ನೀವು ಹೇಳುತ್ತಿರುವುದು ಪೈಲಾ. ಅದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ನೀರಲ್ಲಿರುವಾಗ ಅಮೋನಿಯಾವನ್ನು ನೇರ ನೀರಿಗೇ ಬಿಡುತ್ತದೆ. ಕೆಸರಿನೊಳಗೆ ಹುದುಗಿ ಮಲಗಿದಾಗ ಯೂರಿಕ್ ಆಮ್ಲ ಕೂಡಿಡುತ್ತದೆ. ಅಂದರೆ ನೀರಿದ್ದಾಗ ಒಂದು ಲೆಕ್ಕ, ಇಲ್ಲದಾಗ ಇನ್ನೊಂದು.

ಇದರ ಮೇಲೆ ನಮ್ಮ ದಕ್ಷಿಣ ಭಾರತದಲ್ಲೇ ಒಳ್ಳೆಯ ಕೆಲಸ ಆಗಿದೆ. 1950ರ ದಶಕದಲ್ಲಿ ವಿ. ಆರ್. ಮೀನಾಕ್ಷಿ ಅವರು ಪೈಲಾ ವೈರೆನ್ಸ್ ಜಾತಿಯ ಬೇಸಿಗೆ ನಿದ್ದೆಯನ್ನು ಅಧ್ಯಯನ ಮಾಡಿದರು. ಅದು ಮಲಗಿದಾಗ ಆಮ್ಲಜನಕ ಬಳಸದೆಯೂ ಗ್ಲೈಕೋಜನ್ ಒಡೆದು ಬದುಕುತ್ತದೆ ಅನ್ನುವುದು ಅವರ ಪ್ರಬಂಧದ ವಿಷಯ. ತೋಟದ ಶಂಖದ ಹುಳುವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ತೋಟದ್ದು ಪೊರೆಯ ಮೂಲಕ ಸ್ವಲ್ಪ ಸ್ವಲ್ಪ ಗಾಳಿ ಎಳೆದುಕೊಳ್ಳುತ್ತದೆ. ಗದ್ದೆಯದ್ದು ಗಟ್ಟಿ ಮುಚ್ಚಳ ಬಿಗಿದು ಕೆಸರಲ್ಲಿ ಕೂತುಬಿಡುತ್ತದೆ.

ಸಾಗರದ ಸರಸು

ಒಂದು ಮಾತು ಅರ್ಥ ಆಗಲಿಲ್ಲ. ಮಲಗಿದ ಹುಳ ಬಿಸಿಯಿಂದ ಉಳಿಯುವುದು ನಿಧಾನ ಆದದ್ದರಿಂದಲಾ, ಅಥವಾ ಅದರ ಮೈಗೆ ಬಿಸಿ ತಡೆಯುವ ಶಕ್ತಿಯೇ ಬೇರೆ ಇದೆಯಾ? ಕಲ್ಲಿನ ಮೇಲೆ 45 ಆದರೆ ಮೊಟ್ಟೆ ಬೆಂದ ಹಾಗೆ ಬೇಯಬೇಕಿತ್ತಲ್ಲ.

ಲ್ಯಾಬ್ ಕೋಟು (ಸೊರಬ, ಈಗ ಮೈಸೂರು)

ಎರಡೂ ಸೇರಿ. ನಿಧಾನ ಆಗುವುದು ಹಸಿವಿಗೆ, ಬಾಯಾರಿಕೆಗೆ ಮದ್ದು. ಬಿಸಿಯ ನೇರ ಪೆಟ್ಟಿಗೆ ಬೇರೆ ಮದ್ದು ಇದೆ.

ಬಿಸಿ ಏರಿದಾಗ ಪ್ರೋಟೀನುಗಳ ಮಡಿಕೆ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಬಿಚ್ಚಿದವು ಒಂದಕ್ಕೊಂದು ಅಂಟಿ ಗಂಟಾದರೆ ಮುಗಿಯಿತು, ವಾಪಸ್ ಬರುವುದಿಲ್ಲ. ಅದಕ್ಕೆ ಜೀವಕೋಶ ಹೀಟ್ ಶಾಕ್ ಪ್ರೋಟೀನ್ ಎಂಬ ಸಹಾಯಕರನ್ನು ತಯಾರಿಸುತ್ತದೆ. ಎಚ್‌ಎಸ್‌ಪಿ 70, ಎಚ್‌ಎಸ್‌ಪಿ 90 ಅಂತ ಹೆಸರು. ಅವು ಬಿಚ್ಚಿಕೊಂಡ ಪ್ರೋಟೀನನ್ನು ಹಿಡಿದು ಮತ್ತೆ ಸರಿಯಾಗಿ ಮಡಿಸುತ್ತವೆ. ಇದು ನಮ್ಮಲ್ಲೂ ಇದೆ. ಆದರೆ ಪುಕ್ಕಟೆ ಅಲ್ಲ, ಪ್ರತಿ ಮಡಿಕೆಗೂ ಶಕ್ತಿ ಖರ್ಚು. ಶೇಕಡ 20ರ ಆದಾಯದಲ್ಲಿ ಬದುಕುವ ಹುಳಕ್ಕೆ ಅದೇ ದೊಡ್ಡ ಖರ್ಚು. ಅದಕ್ಕೇ ಬಿಸಿ ಜಾಸ್ತಿ ದಿನ ಮುಂದುವರಿದರೆ ಕೂಡಿಟ್ಟದ್ದು ಬೇಗ ಕರಗುತ್ತದೆ.

ಎಷ್ಟರವರೆಗೆ ತಡೆಯುತ್ತದೆ ಅನ್ನುವುದು ಜಾತಿಯ ಮೇಲೆ ಹೋಗುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸ್ಫಿಂಕ್ಟೆರೋಕೈಲಾ ಎಂಬ ಬಿಳಿ ಚಿಪ್ಪಿನ ಹುಳ ಇದೆ. ಕ್ನಟ್ ಶ್ಮಿಟ್-ನೀಲ್ಸನ್ ಮತ್ತು ಜೊತೆಗಾರರು 1971ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಸುತ್ತಲ ನೆಲ 65 ಡಿಗ್ರಿ ಕಾದಿರುವಾಗ ಹುಳ 50ರ ಹತ್ತಿರ ಮಾತ್ರ ಇತ್ತು. ಬಿಳಿ ಚಿಪ್ಪು ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಹುಳ ಚಿಪ್ಪಿನ ಮೇಲಿನ ಸುರುಳಿಗೆ ಸರಿದು, ನೆಲಕ್ಕೂ ತನಗೂ ನಡುವೆ ಗಾಳಿಯ ಪದರ ಬಿಟ್ಟುಕೊಳ್ಳುತ್ತದೆ. ದಿನಕ್ಕೆ ಕಳೆದುಕೊಳ್ಳುವ ನೀರು ಅರ್ಧ ಮಿಲಿಗ್ರಾಮಿನಷ್ಟು. 50 ಡಿಗ್ರಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, 55 ಆದರೆ ಸಾಯುತ್ತದೆ.

ನಮ್ಮ ಆಫ್ರಿಕದ ಹುಳುವಿಗೆ ಅಷ್ಟು ತಾಕತ್ತಿಲ್ಲ. ಅದು ಆರಾಮಾಗಿ ಓಡಾಡುವುದು 9ರಿಂದ 29 ಡಿಗ್ರಿ ಒಳಗೆ. ಅದರ ಮೇಲೆ ಹೋದರೆ ಮಲಗುತ್ತದೆ. ಕಂದು ಚಿಪ್ಪು ನೇರ ಬಿಸಿಲಿಗೆ ಬಿದ್ದರೆ ಬೇಗ ಕಾಯುತ್ತದೆ. ಅದಕ್ಕೇ ಪಾಗಾರದ ಸಂದಿ, ಸೋಗೆ ರಾಶಿಯ ಅಡಿ. ತುಂಗೆ ದಂಡೆಯವರೇ, ನೀವು 37 ಅಂದಿದ್ದು ಹೊರಗಿನ ಗಾಳಿಯದು. ಆ ಸಂದಿಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ, ಖಂಡಿತ ಕಡಿಮೆ ಇರುತ್ತದೆ.

ಕೊಪ್ಪದವಳು (ಸದ್ಯ ಜರ್ಮನಿ)

ಚಳಿಯ ಪ್ರಶ್ನೆಗೆ ಯಾರೂ ಬಂದಿಲ್ಲ, ನಾನು ಬರುತ್ತೇನೆ. ನಮ್ಮ ಮನೆ ಹಿಂದಿನ ತೋಟದಲ್ಲಿ ಮೇಷ್ಟ್ರ ಕಾಲದ ಪಠ್ಯಪುಸ್ತಕದ ಹೆಲಿಕ್ಸ್ ಪೊಮೇಷಿಯಾ ಧಾರಾಳ ಇವೆ. ಅಕ್ಟೋಬರ್ ಹೊತ್ತಿಗೆ ಮಣ್ಣೊಳಗೆ ಇಳಿದು, ಬಾಯಿಗೆ ದಪ್ಪ ಸುಣ್ಣದ ಮುಚ್ಚಳ ಕಟ್ಟಿಕೊಂಡು ಮಲಗುತ್ತವೆ. ವಸಂತದಲ್ಲಿ ಎದ್ದಾಗ ಆ ಮುಚ್ಚಳಗಳು ಬಿಳಿ ಬಿಲ್ಲೆಯಾಗಿ ನೆಲದ ಮೇಲೆ ಬಿದ್ದಿರುತ್ತವೆ. ಕೈಯಲ್ಲಿ ಹಿಡಿದರೆ ಗಟ್ಟಿ, ನಮ್ಮೂರ ಹುಳದ ಪೊರೆಯ ಹಾಗೆ ಪುಡಿಯಾಗುವುದಿಲ್ಲ.

ಚಳಿಯಲ್ಲಿ ತೊಂದರೆ ಬೇರೆ. ಕ್ರಿಯೆಗಳು ತಾವಾಗಿಯೇ ನಿಧಾನ ಆಗುತ್ತವೆ, ಅದಕ್ಕೆ ಕಷ್ಟಪಡಬೇಕಿಲ್ಲ. ಆದರೆ ಜೀವಕೋಶದ ಹೊರಪದರ ಕೊಬ್ಬಿನದ್ದು. ಚಳಿಗೆ ತುಪ್ಪ ಗಟ್ಟಿಯಾಗುವುದು ಯಾಕೋ ಅದೇ ಕಾರಣಕ್ಕೆ ಅದೂ ಬಿಗಿಯಾಗುತ್ತದೆ, ಪಂಪುಗಳು ಕೆಲಸ ಮಾಡುವುದಿಲ್ಲ. ಹಾಗಾಗಿ ಚಳಿಗೆ ಹೊಂದಿಕೊಳ್ಳುವ ಪ್ರಾಣಿಗಳು ಆ ಪದರದಲ್ಲಿ ಎಣ್ಣೆಯ ಜಾತಿಯ, ಅಂದರೆ ಅಪರ್ಯಾಪ್ತ ಕೊಬ್ಬಿನಾಮ್ಲಗಳ ಪಾಲು ಹೆಚ್ಚಿಸುತ್ತವೆ.

ಇನ್ನೊಂದು ಅಪಾಯ ಮಂಜುಗಡ್ಡೆ. ಜೀವಕೋಶದೊಳಗೆ ಹರಳು ಕಟ್ಟಿದರೆ ಹರಿದುಹೋಗುತ್ತದೆ. ಯುರೋಪಿನ ಸಾಮಾನ್ಯ ತೋಟದ ಹುಳ ಸೊನ್ನೆಗಿಂತ ಕೆಳಗೆ ಸುಮಾರು ಮೈನಸ್ 5ರವರೆಗೆ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯಬಲ್ಲದು. ಹರಳು ಹುಟ್ಟಲು ಒಂದು ಕಣ ಸಾಕು, ಹೊಟ್ಟೆಯಲ್ಲಿರುವ ಆಹಾರದ ಚೂರೂ ಆಗುತ್ತದೆ. ಅದಕ್ಕೆ ಮಲಗುವ ಮುಂಚೆ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಮೈಯ ನೀರನ್ನೂ ಕಡಿಮೆ ಮಾಡಿಕೊಂಡು ರಕ್ತ ದಪ್ಪ ಮಾಡಿಕೊಳ್ಳುತ್ತದೆ.

ಅಟ್ಲಾಂಟಿಕ್ ದಂಡೆಯ ಲಿಟೊರಿನಾ ಎಂಬ ಕಡಲ ಬಸವನ ಹುಳು ಮಾತ್ರ ಇನ್ನೂ ಧೈರ್ಯವಂತ. ಚಳಿಗಾಲದಲ್ಲಿ ಉಬ್ಬರ ಇಳಿದಾಗ ಬಂಡೆಯ ಮೇಲೆ ಅದು ನಿಜವಾಗಿಯೂ ಹೆಪ್ಪುಗಟ್ಟುತ್ತದೆ. ಮಂಜು ಜೀವಕೋಶದ ಹೊರಗೆ ಮಾತ್ರ ಕಟ್ಟುತ್ತದೆ, ಒಳಗಿನ ನೀರು ಹೊರಗೆ ಸರಿದು ಜೀವಕೋಶ ಕುಗ್ಗುತ್ತದೆ. ರಕ್ತ ಓಡುವುದಿಲ್ಲ, ಆಮ್ಲಜನಕ ಇಲ್ಲ. ಆಗ ಆಮ್ಲಜನಕವಿಲ್ಲದ ದಾರಿಯಲ್ಲಿ ಅಲನಿನ್, ಸಕ್ಸಿನೇಟ್ ತಯಾರಿಸಿಕೊಂಡು ಬದುಕುತ್ತದೆ. ಉಬ್ಬರ ಬಂದಾಗ ಕರಗಿ ಎದ್ದು ಹೋಗುತ್ತದೆ. ಗದ್ದೆಯ ಪೈಲಾ ಬಗ್ಗೆ ಓದುವಾಗ ನನಗೆ ಇದೇ ನೆನಪಾಯಿತು. ಒಂದಕ್ಕೆ ಬರ, ಇನ್ನೊಂದಕ್ಕೆ ಹಿಮ, ಒಳಗಿನ ಉಪಾಯ ಮಾತ್ರ ನೆಂಟಸ್ತಿಕೆಯದು.

ತುಂಗೆ ದಂಡೆಯವ (ತೀರ್ಥಹಳ್ಳಿ ಕಡೆ)

ಅಬ್ಬಾ, ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಕೊಪ್ಪದ ತಂಗಿ, ನಮ್ಮಲ್ಲಿ ಡಿಸೆಂಬರ್-ಜನವರಿಯ ಬೆಳಗ್ಗೆ 13-14 ಡಿಗ್ರಿ ಬಂದರೆ ಅದೇ ದೊಡ್ಡ ಚಳಿ. ಹುಳ ಆಗಲೇ ಮಾಯ ಆಗುತ್ತದಲ್ಲ, ಅದು ಚಳಿಗಾ?

ಕೊಪ್ಪದವಳು (ಸದ್ಯ ಜರ್ಮನಿ)

ಅಲ್ಲ ಅಣ್ಣ. 13 ಡಿಗ್ರಿಯಲ್ಲಿ ಅದು ಮಂದ ಆಗುತ್ತದೆ ಅಷ್ಟೇ. ನಮ್ಮಲ್ಲಿ ಅದು ಬಾಗಿಲು ಹಾಕುವುದು ಗಾಳಿ ಒಣಗಿದ್ದಕ್ಕೆ. ನೀರು ಬಿಡುವ ತೋಟದಲ್ಲಿ ನೋಡಿ, ಜನವರಿಯಲ್ಲೂ ರಾತ್ರಿ ಓಡಾಡುತ್ತಿರುತ್ತದೆ.

ಹುಂಚದಕಟ್ಟೆ ಹೈದ

ಇದು ಸತ್ಯ. ನಮ್ಮದು ಸ್ಪ್ರಿಂಕ್ಲರ್ ತೋಟ. ಹುಳ ಮಲಗುವುದೇ ಇಲ್ಲ. ಪಕ್ಕದ ಹನಿ ನೀರಾವರಿ ತೋಟದಲ್ಲಿ ಇಷ್ಟಿಲ್ಲ.

ಇನ್ನೊಂದು ಸಿಟ್ಟು ಇಲ್ಲೇ ಕಾರಿಕೊಳ್ಳುತ್ತೇನೆ. ಹೋದ ಮಾರ್ಚಿನಲ್ಲಿ ಒಂದು ಗೊಬ್ಬರದ ಅಂಗಡಿಯವರು "ಈಗಲೇ ಹಾಕಿ, ಮಳೆಗಾಲಕ್ಕೆ ಮುಂಚೆ ಎಲ್ಲಾ ಸಾಯುತ್ತದೆ" ಅಂತ ಮೆಟಾಲ್ಡಿಹೈಡ್ ಗುಳಿಗೆ ಕೊಟ್ಟರು. ನಮ್ಮ ಮಾವನ ಒಣ ತೋಟಕ್ಕೆ ಅದನ್ನೇ ಎರಚಿದೆವು. ಒಂದು ಹುಳ ಸಾಯಲಿಲ್ಲ. ದುಡ್ಡು ಹೋಯಿತು. ಈಗ ಗೊತ್ತಾಯಿತು ಯಾಕಂತ. ಬಾಗಿಲು ಹಾಕಿಕೊಂಡವನಿಗೆ ಊಟ ಬಡಿಸಿದ ಹಾಗಾಯಿತು.

ಲ್ಯಾಬ್ ಕೋಟು (ಸೊರಬ, ಈಗ ಮೈಸೂರು)

ಅದೇ. ಆ ಔಷಧಿ ಕೆಲಸ ಮಾಡುವ ರೀತಿಯೂ ಇದಕ್ಕೇ ಸೇರಿದ್ದು. ಮೆಟಾಲ್ಡಿಹೈಡ್ ಹುಳದ ಲೋಳೆ ಜೀವಕೋಶಗಳನ್ನು ಹಾಳು ಮಾಡುತ್ತದೆ. ಹುಳ ವಿಪರೀತ ಲೋಳೆ ಸುರಿಸಿ ನೀರು ಕಳೆದುಕೊಳ್ಳುತ್ತದೆ. ಕೊಲ್ಲುವುದು ಬಹುಮಟ್ಟಿಗೆ ಆ ಒಣಗುವಿಕೆಯೇ. ಹಾಗಾಗಿ ಹುಳ ಎಚ್ಚರವಿದ್ದು ತಿನ್ನಬೇಕು, ತಿಂದ ಮೇಲೆ ಒಂದು ದಿನ ಒಣ ಬಿಸಿ ಇರಬೇಕು. ತಿಂದ ರಾತ್ರಿಯೇ ಜೋರು ಮಳೆ ಬಂದರೆ ನೀರು ಕುಡಿದು ಚೇತರಿಸಿಕೊಳ್ಳುವುದೂ ಉಂಟು. ಆಗುಂಬೆ ಕಡೆಯವರು ಜುಲೈನಲ್ಲಿ ಅದನ್ನು ಹಾಕುವುದು ಹಳ್ಳಕ್ಕೆ ದುಡ್ಡು ಹಾಕಿದಂತೆ.

ನನ್ನ ಅಭಿಪ್ರಾಯ ಕೇಳಿದರೆ, ಅದರ ದುರ್ಬಲ ಗಳಿಗೆ ಏಳುವ ಗಳಿಗೆ. ತಿಂಗಳುಗಟ್ಟಲೆ ಆಮ್ಲಜನಕ ಕಡಿಮೆ ಬಳಸಿದ ಮೈಗೆ ಒಮ್ಮೆಲೇ ಗಾಳಿ ನುಗ್ಗುತ್ತದೆ. ಉಸಿರಾಟ ಸಾಮಾನ್ಯಕ್ಕಿಂತಲೂ ಮೇಲೆ ಹೋಗುತ್ತದೆ. ಆಗ ಜೀವಕೋಶ ಕೆಡಿಸುವ ಚುರುಕು ಆಮ್ಲಜನಕದ ಕಣಗಳು ಹುಟ್ಟುತ್ತವೆ. ಸ್ಟೋರಿ ಮತ್ತು ಮಾರ್ಸೆಲೊ ಹೆರ್ಮೆಸ್-ಲಿಮಾ 1995ರಲ್ಲಿ ತೋರಿಸಿದ್ದು ಇದನ್ನೇ. ಹುಳ ಮಲಗಿರುವಾಗಲೇ ಆ ಕಣಗಳನ್ನು ತಟಸ್ಥ ಮಾಡುವ ಸೂಪರ್‌ಆಕ್ಸೈಡ್ ಡಿಸ್‌ಮ್ಯೂಟೇಸ್‌ನಂಥ ಕಿಣ್ವಗಳನ್ನು ಹೆಚ್ಚಿಸಿಟ್ಟುಕೊಳ್ಳುತ್ತದೆ. ಹಾಗಾಗಿ ಆ ಗಳಿಗೆಯನ್ನೂ ದಾಟುತ್ತದೆ. ಆದರೆ ಖಜಾನೆ ಖಾಲಿ, ಹೊಟ್ಟೆ ಹಸಿದಿದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಗೋಣಿಚೀಲ ನೆನೆಸಿ, ಅಡಿಗೆ ಪಪ್ಪಾಯಿ ಎಲೆ ಅಥವಾ ತೌಡು-ಬೆಲ್ಲ ಇಟ್ಟರೆ ಗುಂಪಾಗಿ ಸೇರುವುದು ಆಗಲೇ.

ನಿವೃತ್ತ ಮೇಷ್ಟ್ರು (ಭದ್ರಾವತಿ)

ಅಂದರೆ ನಮ್ಮ ಲೆಕ್ಕದಲ್ಲಿ ಭರಣಿ, ಕೃತ್ತಿಕೆ ಮಳೆ. ಮೊದಲ ಎರಡು ಮೂರು ಹದ ಮಳೆ ಬಿದ್ದ ಸಂಜೆ ಊರವರೆಲ್ಲ ಒಟ್ಟಿಗೇ ಹೆಕ್ಕಬೇಕು. ಒಬ್ಬರ ತೋಟ ಮಾತ್ರ ಹೆಕ್ಕಿದರೆ ಪ್ರಯೋಜನ ಇಲ್ಲ. ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುವ ಪ್ರಾಣಿ ಅದು. ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿ. ಇಲಿಗಳ ಶ್ವಾಸಕೋಶದಲ್ಲಿರುವ ಒಂದು ಹುಳುವಿನ ಮರಿಗಳು ಇದರಲ್ಲಿರುತ್ತವೆ, ಮನುಷ್ಯರಿಗೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಗುಳಿಗೆ ಹಾಕುವವರು ನಾಯಿ ಕಟ್ಟಿಹಾಕಿ. ಬೆಲ್ಲದ ವಾಸನೆಗೆ ನಾಯಿಯೂ ತಿನ್ನುತ್ತದೆ. ತಿಂದು ನಡುಗಲು ಶುರುಮಾಡಿದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಓಡಬೇಕು.

ಸಾಗರದ ಸರಸು

ಬೇಸಿಗೆಯಲ್ಲೇ ಪಾಗಾರದಿಂದ ಹೆಕ್ಕಿದರೆ ಆಗುವುದಿಲ್ಲವಾ? ಆಗ ಓಡಿಯೂ ಹೋಗುವುದಿಲ್ಲ.

ತುಂಗೆ ದಂಡೆಯವ (ತೀರ್ಥಹಳ್ಳಿ ಕಡೆ)

ಸರಸಕ್ಕ ನನ್ನ ಬಾಯಿಂದ ಮಾತು ಕಿತ್ತುಕೊಂಡರು. ಭಾನುವಾರ ಜನ ಕರೆದಿದ್ದೇನೆ. ಪಾಗಾರದ ಸಂದಿ, ಸೋಗೆ ರಾಶಿ, ಗೊಬ್ಬರಗುಂಡಿಯ ಅಂಚು ಎಲ್ಲಾ ತಡಕುತ್ತೇವೆ. ಹೆಕ್ಕಿದ್ದನ್ನು ಏನು ಮಾಡಲಿ? ಉಪ್ಪು ಸುರಿಯಲಾ?

ಲ್ಯಾಬ್ ಕೋಟು (ಸೊರಬ, ಈಗ ಮೈಸೂರು)

ತೋಟದ ಮಣ್ಣಿಗೆ ಉಪ್ಪು ಬೇಡ, ಅಡಿಕೆ ಬೇರಿಗೇ ಕಷ್ಟ. ಪೊರೆ ಹಾಕಿಕೊಂಡಿರುವುದಕ್ಕೆ ಉಪ್ಪು ಬೇಗ ತಾಗುವುದೂ ಇಲ್ಲ. ದೊಡ್ಡ ಹಂಡೆಯಲ್ಲಿ ಕುದಿನೀರು ಇಟ್ಟುಕೊಳ್ಳಿ. ಬುಟ್ಟಿಯಲ್ಲಿ ಒಮ್ಮೆಲೇ ಅದ್ದಿದರೆ ಪೊರೆಯಾಗಲಿ ಚಿಪ್ಪಾಗಲಿ ತಡೆಯುವುದಿಲ್ಲ. ಆ ಬಿಸಿಗೆ ಪ್ರೋಟೀನ್ ಮಡಿಸಿಕೊಡುವ ಸಹಾಯಕರೂ ಕೈಚೆಲ್ಲುತ್ತಾರೆ, ಕ್ಷಣದಲ್ಲಿ ಮುಗಿಯುತ್ತದೆ. ಆಮೇಲೆ ಬಾವಿಯಿಂದ ದೂರ ಆಳದ ಗುಂಡಿ ತೋಡಿ ಹೂಳಿ. ಮಳೆ ಹೊಡೆದು ಸುಣ್ಣ ತೊಳೆದು ಹೋದ ನಮ್ಮ ಹುಳಿ ಮಣ್ಣಿಗೆ ಆ ಚಿಪ್ಪು ನಿಧಾನಕ್ಕೆ ಕರಗಿ ಸೇರಿದರೆ ನಷ್ಟವೇನಿಲ್ಲ.

ಹುಂಚದಕಟ್ಟೆ ಹೈದ

ತುಂಗೆ ದಂಡೆ ಅಣ್ಣ, ಭಾನುವಾರ ಎಷ್ಟು ಗಂಟೆಗೆ? ಕೈಗವಸು ತರುತ್ತೇನೆ, ತಿಂಡಿ ನಿಮ್ಮದು.